ಸ್ಥೂಲಕಾಯದ ರೋಗಿಗಳಲ್ಲಿ ಮಾಸ್ಕ್ ಮೂಲಕ ಕೃತಕ ಉಸಿರಾಟ

ಸ್ಥೂಲಕಾಯದ ರೋಗಿಗಳಲ್ಲಿ ಮಾಸ್ಕ್ ಮೂಲಕ ಕೃತಕ ಉಸಿರಾಟವು ಅರಿವಳಿಕೆ ಶಾಸ್ತ್ರದ ಒಂದು ಮುಖ್ಯ ವಿಷಯವಾಗಿದೆ. ಶಸ್ತ್ರಚಿಕಿತ್ಸೆಗಾಗಿ ಪೂರ್ಣ ಅರಿವಳಿಕೆ ಕೊಟ್ಟಾಗ ರೋಗಿಯ ಸ್ವಂತ ಉಸಿರಾಟ ಕುಗ್ಗುತ್ತದೆ ಅಥವಾ ನಿಂತುಹೋಗುತ್ತದೆ. ಆಗ ಮೂಗು ಮತ್ತು ಬಾಯಿಗಳನ್ನು ಒಟ್ಟಾಗಿ ಮುಚ್ಚುವ ಮಾಸ್ಕನ್ನು ಮುಖಕ್ಕೆ ಬಿಗಿಯಾಗಿ ಹಿಡಿದು, ಅದಕ್ಕೆ ಜೋಡಿಸಿದ ಚೀಲವನ್ನು ಕೈಯಿಂದ ಅದುಮಿ, ಆಮ್ಲಜನಕವನ್ನು ಶ್ವಾಸಕೋಶಗಳಿಗೆ ತಲುಪಿಸಲಾಗುತ್ತದೆ. ಶ್ವಾಸನಾಳದೊಳಗೆ ನಳಿಕೆ ಇಳಿಸುವವರೆಗೆ ರೋಗಿಯ ಜೀವ ಈ ಉಸಿರನ್ನೇ ಅವಲಂಬಿಸಿರುತ್ತದೆ. ನಳಿಕೆ ಇಳಿಸುವ ಪ್ರಯತ್ನ ವಿಫಲವಾದರೆ ಹಿಂತಿರುಗಿ ಆಶ್ರಯಿಸಬೇಕಾದ ವಿಧಾನವೂ ಇದೇ.

ದೇಹದಲ್ಲಿ ಕೊಬ್ಬು ಹೆಚ್ಚಾಗಿರುವವರಲ್ಲಿ ಎರಡು ತೊಂದರೆಗಳು ಒಟ್ಟಿಗೆ ಎದುರಾಗುತ್ತವೆ. ಮಾಸ್ಕಿನಿಂದ ಗಾಳಿಯನ್ನು ಒಳಗೆ ಕಳುಹಿಸುವುದು ಕಷ್ಟವಾಗುತ್ತದೆ. ಉಸಿರು ನಿಂತ ಮೇಲೆ ದೇಹದಲ್ಲಿ ಉಳಿದಿರುವ ಆಮ್ಲಜನಕವೂ ಬೇಗ ಮುಗಿಯುತ್ತದೆ. ಆದ್ದರಿಂದ ಇಂಥ ರೋಗಿಗಳ ಸುರಕ್ಷತೆಯ ಬಹುಪಾಲು ಅವರು ಎಚ್ಚರವಾಗಿರುವಾಗಲೇ ಮಾಡಿಕೊಳ್ಳುವ ಸಿದ್ಧತೆಯನ್ನು ಅವಲಂಬಿಸಿದೆ. ಈ ಸಿದ್ಧತೆಯ ಹೆಚ್ಚಿನ ಅಂಶಗಳಿಗೆ ದುಬಾರಿ ಉಪಕರಣಗಳು ಬೇಕಿಲ್ಲ.

ಹಿನ್ನೆಲೆ

ಎಚ್ಚರವಿರುವ ಮನುಷ್ಯನ ನಾಲಿಗೆ, ಅಂಗುಳ ಮತ್ತು ಗಂಟಲಿನ ಸ್ನಾಯುಗಳು ಸದಾ ಸ್ವಲ್ಪ ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ರೆಯಲ್ಲಿ ಈ ಬಿಗಿ ಕಡಿಮೆಯಾಗುತ್ತದೆ. ಗೊರಕೆ ಹುಟ್ಟುವುದು ಈ ಕಾರಣದಿಂದಲೇ. ಅರಿವಳಿಕೆಯಲ್ಲಿ ಬಿಗಿ ಇನ್ನೂ ಸಡಿಲಗೊಂಡು, ಅಂಗಾತ ಮಲಗಿದ ರೋಗಿಯ ನಾಲಿಗೆಯ ಬುಡ ಮತ್ತು ಮೃದು ಅಂಗುಳ ಹಿಂದಕ್ಕೆ ಜಾರಿ ದಾರಿಯನ್ನು ಮುಚ್ಚುತ್ತವೆ. ಸ್ನಾಯುಗಳನ್ನು ಪೂರ್ತಿ ಸಡಿಲಗೊಳಿಸುವ ಔಷಧಿ ಕೊಟ್ಟಾಗ ವಪೆಯೂ ಚಲಿಸುವುದಿಲ್ಲ. ನಿದ್ರಿಸುವವನು ಉಸಿರು ಕಟ್ಟಿದರೆ ಎಚ್ಚರಗೊಳ್ಳುತ್ತಾನೆ. ಅರಿವಳಿಕೆ ಪಡೆದವನಿಗೆ ಆ ರಕ್ಷಣೆ ಇರುವುದಿಲ್ಲ. ಆ ಹೊಣೆ ಅರಿವಳಿಕೆ ತಜ್ಞರ ಮೇಲೆ ಬೀಳುತ್ತದೆ.

ಸೊಂಟದ ಕೆಳಭಾಗವನ್ನು ಮಾತ್ರ ಮರಗಟ್ಟಿಸುವ ಬೆನ್ನುಹುರಿ ಅರಿವಳಿಕೆಯಲ್ಲಿ ರೋಗಿ ಸ್ವತಃ ಉಸಿರಾಡುತ್ತಿರುವುದರಿಂದ ಸಾಮಾನ್ಯವಾಗಿ ಈ ಪ್ರಶ್ನೆ ಏಳುವುದಿಲ್ಲ. ಆದರೆ ಹೊಟ್ಟೆಯ ಮೇಲ್ಭಾಗ, ಎದೆ, ತಲೆ ಮತ್ತು ಕತ್ತಿನ ಶಸ್ತ್ರಚಿಕಿತ್ಸೆಗಳಿಗೆ, ತೀವ್ರ ರಕ್ತಸ್ರಾವದ ಸಂದರ್ಭಗಳಿಗೆ ಮತ್ತು ಬೆನ್ನಿನ ಚುಚ್ಚುಮದ್ದು ಫಲಿಸದಿದ್ದಾಗ ಪೂರ್ಣ ಅರಿವಳಿಕೆ ಅನಿವಾರ್ಯವಾಗುತ್ತದೆ.

ಇತಿಹಾಸ

1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ಅರಿವಳಿಕೆಯ ಸಾರ್ವಜನಿಕ ಪ್ರಾತ್ಯಕ್ಷಿಕೆ ನೀಡಿದರು. ಈ ದಿನವನ್ನು ವಿಶ್ವ ಅರಿವಳಿಕೆ ದಿನವಾಗಿ ಆಚರಿಸಲಾಗುತ್ತದೆ. ಮರುವರ್ಷ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು. ಆ ಕಾಲದಲ್ಲಿ ರೋಗಿ ಸ್ವತಃ ಉಸಿರಾಡುತ್ತಲೇ ಔಷಧಿಯ ಆವಿಯನ್ನು ಸೇವಿಸುತ್ತಿದ್ದನು; ಉಸಿರು ತುಂಬಿಸುವ ವ್ಯವಸ್ಥೆ ಇರಲಿಲ್ಲ.

ಕ್ಲೋರೋಫಾರ್ಮಿನಿಂದ ಸಂಭವಿಸುತ್ತಿದ್ದ ಮರಣಗಳ ಕಾರಣವನ್ನು ಪರಿಶೀಲಿಸಲು ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಅವರ ನೇತೃತ್ವದಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ಇವುಗಳ ವೆಚ್ಚವನ್ನು ನಿಜಾಮರ ಸರ್ಕಾರ ಭರಿಸಿತು. ಇಂದಿನ ಕರ್ನಾಟಕದ ಬೀದರ್, ಕಲಬುರಗಿ ಮತ್ತು ರಾಯಚೂರು ಆಗ ಅದೇ ಸಂಸ್ಥಾನದ ಭಾಗವಾಗಿದ್ದವು. ಅರಿವಳಿಕೆ ಕೊಡುವವರು ನಾಡಿಗಿಂತ ಉಸಿರಾಟದ ಮೇಲೆ ಕಣ್ಣಿಡಬೇಕೆಂಬುದು ಆಯೋಗಗಳ ನಿಲುವಾಗಿತ್ತು. ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿ ನಿಲ್ಲಿಸಬಲ್ಲದೆಂದು 20ನೆಯ ಶತಮಾನದ ಆರಂಭದಲ್ಲಿ ಗುಡ್‌ಮನ್ ಲೆವಿ ತೋರಿಸಿದ ಮೇಲೆ ಆ ತೀರ್ಮಾನ ಅಪೂರ್ಣವೆಂದು ಸಿದ್ಧವಾಯಿತು. ಆದರೂ ಉಸಿರನ್ನು ಗಮನಿಸಬೇಕೆಂಬ ಎಚ್ಚರಿಕೆ ಉಳಿದುಕೊಂಡಿತು.

ಕೆಳದವಡೆಯನ್ನು ಮುಂದಕ್ಕೆ ಎತ್ತಿ ಗಂಟಲನ್ನು ತೆರೆಯುವ ಕ್ರಮವು 19ನೆಯ ಶತಮಾನದಿಂದಲೇ ಬಳಕೆಯಲ್ಲಿದ್ದು, ಎಸ್ಮಾರ್ಕ್ ಮತ್ತು ಹೈಬರ್ಗ್ ಎಂಬ ವೈದ್ಯರ ಹೆಸರಿನೊಂದಿಗೆ ಸೇರಿಕೊಂಡಿದೆ. 1917ರಲ್ಲಿ ಹೆನ್ರಿ ಬಾಯ್ಲ್ ರೂಪಿಸಿದ ಅನಿಲ ಯಂತ್ರದ ಹೆಸರು ಭಾರತದ ಆಸ್ಪತ್ರೆಗಳಲ್ಲಿ ಬಹುಕಾಲ ಅರಿವಳಿಕೆ ಯಂತ್ರಕ್ಕೆ ಪರ್ಯಾಯ ಹೆಸರೇ ಆಗಿ ನಡೆಯಿತು. ನಾಲಿಗೆ ಹಿಂದಕ್ಕೆ ಬೀಳದಂತೆ ಬಾಯಿಯಲ್ಲಿ ಇಡುವ ಬಾಗಿದ ನಳಿಕೆಯನ್ನು ಆರ್ಥರ್ ಗಡೆಲ್ 1933ರಲ್ಲಿ ಪರಿಚಯಿಸಿದರು. 1942ರಲ್ಲಿ ಮಾಂಟ್ರಿಯಲ್‌ನ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಸ್ನಾಯು ಸಡಿಲಿಸುವ ಕ್ಯುರಾರೆಯನ್ನು ಅರಿವಳಿಕೆಯಲ್ಲಿ ಬಳಸಿದರು. ಇಂಥ ಔಷಧಿಗಳು ರೂಢಿಗೆ ಬಂದ ಮೇಲೆ ರೋಗಿಗೆ ಉಸಿರು ತುಂಬಿಸುವುದು ಪ್ರತಿದಿನದ ಕೆಲಸವಾಯಿತು. 1950ರ ದಶಕದಲ್ಲಿ ಡೆನ್ಮಾರ್ಕಿನ ಹೆನ್ನಿಂಗ್ ರೂಬೆನ್ ತಾನಾಗಿಯೇ ಉಬ್ಬಿಕೊಳ್ಳುವ ಚೀಲವನ್ನು ರೂಪಿಸಿದರು. ಆಂಬು ಬ್ಯಾಗ್ ಎಂದು ಹೆಸರಾದ ಇದಕ್ಕೆ ವಿದ್ಯುತ್ತೂ ಬೇಡ, ಸಿಲಿಂಡರಿನ ಒತ್ತಡವೂ ಬೇಡ.

ಸ್ಥೂಲಕಾಯದ ಅಳತೆ

ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ದೇಹ ದ್ರವ್ಯರಾಶಿ ಸೂಚ್ಯಂಕ ಅಥವಾ ಬಿಎಂಐ ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬಿಎಂಐ 30 ಅಥವಾ ಹೆಚ್ಚಿದ್ದರೆ ಅದು ಸ್ಥೂಲಕಾಯ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಕೊಬ್ಬು ಸೇರುವುದರಿಂದ 25ನ್ನೇ ಗಡಿಯಾಗಿ ಇಟ್ಟುಕೊಳ್ಳಬೇಕೆಂದು 2009ರ ಭಾರತೀಯ ತಜ್ಞರ ಒಮ್ಮತದ ಹೇಳಿಕೆ ಸೂಚಿಸಿದೆ. 160 ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ 64 ಕಿಲೋ ತೂಕವಿದ್ದಾಗ ಬಿಎಂಐ 25, 77 ಕಿಲೋ ಇದ್ದಾಗ 30, 110 ಕಿಲೋ ಇದ್ದಾಗ ಸುಮಾರು 43 ಆಗುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 24.0 ಶೇಕಡಾ ಮಹಿಳೆಯರು ಮತ್ತು 22.9 ಶೇಕಡಾ ಪುರುಷರ ಬಿಎಂಐ 25 ಅಥವಾ ಹೆಚ್ಚಾಗಿತ್ತು. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು 30 ಶೇಕಡಾ ಇತ್ತು. ಆದ್ದರಿಂದ ಇದು ನಗರದ ತೂಕ ಇಳಿಕೆ ಶಸ್ತ್ರಚಿಕಿತ್ಸಾ ಕೇಂದ್ರಗಳಿಗೆ ಸೀಮಿತವಾದ ಸಮಸ್ಯೆಯಲ್ಲ.

ಕಷ್ಟಕ್ಕೆ ಕಾರಣಗಳು

ಗಂಟಲಿನ ದಾರಿ ಕಿರಿದಾಗುವುದು: ಕೊಬ್ಬು ನಾಲಿಗೆಯಲ್ಲಿ, ಗಂಟಲಿನ ಪಕ್ಕದ ಗೋಡೆಗಳಲ್ಲಿ ಮತ್ತು ಕತ್ತಿನ ಸುತ್ತಲೂ ಸೇರಿಕೊಂಡಿರುತ್ತದೆ. ದವಡೆಯ ಮೂಳೆಯ ಚೌಕಟ್ಟು ಮಾತ್ರ ದೊಡ್ಡದಾಗುವುದಿಲ್ಲ. ಅದೇ ಚೌಕಟ್ಟಿನಲ್ಲಿ ಮೃದು ಭಾಗಗಳು ಹೆಚ್ಚಿದಾಗ ಉಳಿಯುವ ದಾರಿ ಕಿರಿದಾಗಿ, ಸ್ನಾಯುಗಳು ಸಡಿಲವಾದೊಡನೆ ಮುಚ್ಚಿಕೊಳ್ಳುತ್ತದೆ. ನಿದ್ರೆಯಲ್ಲಿ ಪದೇಪದೇ ಉಸಿರು ಕಟ್ಟುವ ಕಾಯಿಲೆ ಸ್ಥೂಲಕಾಯರಲ್ಲಿ ಹೆಚ್ಚಾಗಿ ಕಾಣುವುದು ಇದರಿಂದಲೇ.

ಎದೆ ಮತ್ತು ಹೊಟ್ಟೆಯ ಭಾರ: ಅಂಗಾತ ಮಲಗಿದಾಗ ಹೊಟ್ಟೆಯೊಳಗಿನ ಭಾರ ವಪೆಯನ್ನು ಎದೆಯ ಕಡೆಗೆ ತಳ್ಳುತ್ತದೆ. ಎದೆಗೂಡಿನ ಮೇಲಿನ ಕೊಬ್ಬನ್ನು ಎತ್ತಿಯೇ ಗಾಳಿ ಒಳಹೋಗಬೇಕಾಗುತ್ತದೆ. ಹೀಗಾಗಿ ಚೀಲವನ್ನು ಹೆಚ್ಚು ಒತ್ತಬೇಕು. ಒತ್ತಡ ಹೆಚ್ಚಿದಷ್ಟೂ ಮಾಸ್ಕಿನ ಅಂಚಿನಿಂದ ಗಾಳಿ ಸೋರುತ್ತದೆ. ಅನ್ನನಾಳದ ಮೂಲಕ ಜಠರಕ್ಕೂ ನುಗ್ಗುತ್ತದೆ. ಉಬ್ಬಿದ ಜಠರ ವಪೆಯನ್ನು ಇನ್ನಷ್ಟು ಮೇಲಕ್ಕೆ ತಳ್ಳುವುದಲ್ಲದೆ, ಜಠರದ ಆಮ್ಲ ಶ್ವಾಸಕೋಶಕ್ಕೆ ಸೇರುವ ಅಪಾಯವನ್ನೂ ತರುತ್ತದೆ.

ಆಮ್ಲಜನಕದ ದಾಸ್ತಾನು: ಸಹಜವಾಗಿ ಉಸಿರು ಬಿಟ್ಟ ಮೇಲೆ ವಯಸ್ಕರ ಶ್ವಾಸಕೋಶಗಳಲ್ಲಿ ಸುಮಾರು 2.5 ಲೀಟರ್ ಗಾಳಿ ಉಳಿದಿರುತ್ತದೆ. ಉಸಿರು ನಿಂತಾಗ ದೇಹ ಮುಖ್ಯವಾಗಿ ಈ ದಾಸ್ತಾನಿನಿಂದಲೇ ನಡೆಯಬೇಕು. ವಿಶ್ರಾಂತಿಯಲ್ಲಿರುವ ವಯಸ್ಕನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕಾಗುತ್ತದೆ. ಸ್ಥೂಲಕಾಯರಲ್ಲಿ ಬೇಡಿಕೆ ಇದಕ್ಕಿಂತ ಹೆಚ್ಚು, ದಾಸ್ತಾನು ಮಾತ್ರ ಕಡಿಮೆ. ಅರಿವಳಿಕೆಯಲ್ಲಿ ಈ ದಾಸ್ತಾನು ಸಾಧಾರಣ ಮೈಕಟ್ಟಿನವರಲ್ಲಿ ಸುಮಾರು 20 ಶೇಕಡಾ ಕುಗ್ಗಿದರೆ, ತೀವ್ರ ಸ್ಥೂಲಕಾಯರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಊರು ದೊಡ್ಡದಾಗಿದ್ದು ಕೆರೆ ಸಣ್ಣದಾಗಿದ್ದರೆ ನೀರು ಎಷ್ಟು ದಿನ ಬಂದೀತೆಂಬ ಲೆಕ್ಕದಂತೆಯೇ ಇದು.

ಜೆನ್ಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾಲಾವಧಿಯನ್ನು ಅಳೆಯಲಾಯಿತು. ಮೊದಲೇ ಶುದ್ಧ ಆಮ್ಲಜನಕ ತುಂಬಿಸಿದ್ದರೂ, ಉಸಿರು ನಿಂತ ಮೇಲೆ ರಕ್ತದ ಆಮ್ಲಜನಕ ಮಟ್ಟ 90 ಶೇಕಡಾಕ್ಕೆ ಇಳಿಯಲು ಸಾಧಾರಣ ತೂಕದವರಲ್ಲಿ ಸರಾಸರಿ 364 ಸೆಕೆಂಡುಗಳು ಬೇಕಾದವು. ತೀವ್ರ ಸ್ಥೂಲಕಾಯರಲ್ಲಿ 163 ಸೆಕೆಂಡುಗಳೇ ಸಾಕಾದವು. ಅಂದರೆ ಆರು ನಿಮಿಷಗಳ ಕಾಲಾವಕಾಶ ಮೂರು ನಿಮಿಷಕ್ಕೂ ಕಡಿಮೆಯಾಯಿತು. 90ರ ಕೆಳಗೆ ಮಟ್ಟ ಇನ್ನೂ ವೇಗವಾಗಿ ಕುಸಿಯುತ್ತದೆ. ಮುಂದೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ಕಷ್ಟದ ಮುನ್ಸೂಚನೆಗಳು

ಪ್ಯಾರಿಸ್ಸಿನ ಲಾಂಜೆರಾನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,502 ರೋಗಿಗಳ ಪೈಕಿ 75 ಮಂದಿಯಲ್ಲಿ, ಎಂದರೆ 5 ಶೇಕಡಾ ರೋಗಿಗಳಲ್ಲಿ, ಮಾಸ್ಕ್ ಮೂಲಕ ಉಸಿರು ಕೊಡುವುದು ಕಷ್ಟವಾಯಿತು. ಅವರು ಗುರುತಿಸಿದ ಐದು ಲಕ್ಷಣಗಳು ಇವು:

- 55 ವರ್ಷ ಮೀರಿದ ವಯಸ್ಸು
- 26ಕ್ಕಿಂತ ಹೆಚ್ಚಿನ ಬಿಎಂಐ
- ಗಡ್ಡ
- ಹಲ್ಲುಗಳಿಲ್ಲದಿರುವುದು
- ಗೊರಕೆಯ ಅಭ್ಯಾಸ

ಇವುಗಳಲ್ಲಿ ಎರಡು ಅಥವಾ ಹೆಚ್ಚು ಲಕ್ಷಣಗಳಿದ್ದರೆ ಕಷ್ಟದ ಸಂಭವ ಹೆಚ್ಚುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಖೇತರ್‌ಪಾಲ್ ಮತ್ತು ಸಂಗಡಿಗರು 2006ರಲ್ಲಿ 22,660 ಪ್ರಕರಣಗಳನ್ನು ಪರಿಶೀಲಿಸಿ, 1.4 ಶೇಕಡಾ ಪ್ರಕರಣಗಳಲ್ಲಿ ಇದು ಕಷ್ಟವಾಯಿತೆಂದೂ 0.16 ಶೇಕಡಾ ಪ್ರಕರಣಗಳಲ್ಲಿ ಅಸಾಧ್ಯವಾಯಿತೆಂದೂ ವರದಿ ಮಾಡಿದರು. ಕಷ್ಟದ ಕಾರಣಗಳಲ್ಲಿ 30 ಅಥವಾ ಹೆಚ್ಚಿನ ಬಿಎಂಐ ಸೇರಿತ್ತು. ಅದೇ ತಂಡದ 2009ರ ಅಧ್ಯಯನದಲ್ಲಿ 53,041 ಪ್ರಕರಣಗಳ ಪೈಕಿ 77ರಲ್ಲಿ ಮಾಸ್ಕ್ ಮೂಲಕ ಉಸಿರು ಕೊಡುವುದು ಅಸಾಧ್ಯವಾಗಿತ್ತು. ಅಸಾಧ್ಯತೆಯನ್ನು ಮುಂಚಿತವಾಗಿ ಸೂಚಿಸಿದ ಲಕ್ಷಣಗಳೆಂದರೆ ಕತ್ತಿಗೆ ವಿಕಿರಣ ಚಿಕಿತ್ಸೆಯಾಗಿರುವುದು, ಪುರುಷನಾಗಿರುವುದು, ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಬಾಯಿ ತೆರೆದಾಗ ಗಂಟಲಿನ ಹಿಂಭಾಗ ಕಾಣದಿರುವುದು ಮತ್ತು ಗಡ್ಡ. ಬಿಎಂಐ ಈ ಪಟ್ಟಿಯಲ್ಲಿ ಇರಲಿಲ್ಲ. ತೂಕದ ಸಂಖ್ಯೆಯೊಂದೇ ಎಲ್ಲವನ್ನೂ ಹೇಳುವುದಿಲ್ಲವೆಂದೂ, ಗೊರಕೆ, ಕತ್ತು ಮತ್ತು ಬಾಯಿಯನ್ನು ನೋಡಲೇಬೇಕೆಂದೂ ಇದರಿಂದ ತಿಳಿಯುತ್ತದೆ. ಆ 77 ಮಂದಿಯಲ್ಲಿ ಶ್ವಾಸನಾಳಕ್ಕೆ ನಳಿಕೆ ಇಳಿಸುವುದೂ ಕಷ್ಟವಾದದ್ದು ಸುಮಾರು ನಾಲ್ಕರಲ್ಲಿ ಒಬ್ಬರಿಗೆ.

ಕಷ್ಟದ ಮಟ್ಟವನ್ನು ದಾಖಲಿಸಲು ಹಾನ್ ಮತ್ತು ಸಂಗಡಿಗರು 2004ರಲ್ಲಿ ಸೂಚಿಸಿದ ನಾಲ್ಕು ದರ್ಜೆಗಳು ಬಳಕೆಯಲ್ಲಿವೆ:

- ದರ್ಜೆ 1: ಮಾಸ್ಕಿನಿಂದ ಸುಲಭವಾಗಿ ಉಸಿರು ಕೊಡಬಹುದು.
- ದರ್ಜೆ 2: ಬಾಯಿಯ ನಳಿಕೆ ಅಥವಾ ಅಂಥ ಇನ್ನೊಂದು ಸಾಧನದ ನೆರವು ಬೇಕು.
- ದರ್ಜೆ 3: ಉಸಿರು ಸಾಲದು ಅಥವಾ ಸ್ಥಿರವಾಗಿಲ್ಲ, ಇಲ್ಲವೇ ಇಬ್ಬರು ಬೇಕು.
- ದರ್ಜೆ 4: ಮಾಸ್ಕಿನಿಂದ ಉಸಿರು ಕೊಡಲು ಸಾಧ್ಯವಿಲ್ಲ.

ಈ ದರ್ಜೆಯನ್ನು ರೋಗಿಯ ಬಿಡುಗಡೆ ಪತ್ರದಲ್ಲಿ ಬರೆದುಕೊಟ್ಟರೆ ಮುಂದಿನ ಶಸ್ತ್ರಚಿಕಿತ್ಸೆಯ ವೇಳೆ ಬೇರೆ ಆಸ್ಪತ್ರೆಯ ವೈದ್ಯರಿಗೂ ಎಚ್ಚರಿಕೆ ದೊರೆಯುತ್ತದೆ.

ಭಾರತದ ರೋಗಿಗಳಲ್ಲಿ ಗಮನಿಸಬೇಕಾದ ಕೆಲವು ಅಂಶಗಳಿವೆ. ಮೂಗುತಿ ಮತ್ತು ನತ್ತು ಮಾಸ್ಕಿನ ಅಂಚು ಮುಖಕ್ಕೆ ಕೂಡದಂತೆ ಮಾಡುತ್ತವೆ. ತಲೆಯ ಹಿಂದಿನ ದಪ್ಪ ತುರುಬು ತಲೆಯನ್ನು ಸರಿಯಾದ ಭಂಗಿಯಲ್ಲಿ ಇಡಲು ಬಿಡುವುದಿಲ್ಲ. ಅಡಿಕೆ ಮತ್ತು ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಪೂರ್ತಿ ತೆರೆಯದಿದ್ದರೆ, ಬಾಯಿಯ ನಳಿಕೆ ಇಡುವುದೂ ಶ್ವಾಸನಾಳಕ್ಕೆ ನಳಿಕೆ ಇಳಿಸುವುದೂ ತೊಡಕಾಗುತ್ತವೆ.

ಪೂರ್ವಸಿದ್ಧತೆ

ಭಂಗಿ: ಸ್ಥೂಲಕಾಯದ ರೋಗಿಯನ್ನು ಸಮತಟ್ಟಾಗಿ ಮಲಗಿಸಿ ಅರಿವಳಿಕೆ ಕೊಡುವುದು ಸೂಕ್ತವಲ್ಲ. ಭುಜ, ಬೆನ್ನಿನ ಮೇಲ್ಭಾಗ ಮತ್ತು ತಲೆಯ ಕೆಳಗೆ ಇಳಿಜಾರಾಗಿ ಆಸರೆ ಕೊಟ್ಟು, ಪಕ್ಕದಿಂದ ನೋಡಿದಾಗ ಕಿವಿಯ ರಂಧ್ರ ಮತ್ತು ಎದೆಮೂಳೆಯ ಮೇಲಿನ ತಗ್ಗು ಒಂದೇ ಅಡ್ಡಗೆರೆಯಲ್ಲಿ ಬರುವಂತೆ ಮಾಡಬೇಕು. ಇದಕ್ಕಾಗಿ ತಯಾರಾದ ದಿಂಬುಗಳು ದೊರೆಯುತ್ತವೆ. ಮಡಿಸಿದ ಕಂಬಳಿ ಮತ್ತು ಹಾಸಿಗೆ ಬಟ್ಟೆಗಳೂ ಅದೇ ಕೆಲಸ ಮಾಡುತ್ತವೆ. ತಲೆಯ ಕಡೆಯನ್ನು 25 ಡಿಗ್ರಿ ಎತ್ತರಿಸಿ ಆಮ್ಲಜನಕ ಕೊಟ್ಟಾಗ, ತೀವ್ರ ಸ್ಥೂಲಕಾಯರಲ್ಲಿ ಮಟ್ಟ 92 ಶೇಕಡಾಕ್ಕೆ ಇಳಿಯುವ ಅವಧಿ 155 ಸೆಕೆಂಡಿನಿಂದ 201 ಸೆಕೆಂಡಿಗೆ ಹೆಚ್ಚಿದುದನ್ನು ಡಿಕ್ಸನ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಭಂಗಿಯ ಬದಲಾವಣೆಯೊಂದರಿಂದಲೇ ದೊರೆತ ಲಾಭವಿದು.

ಮುಂಚಿತ ಆಮ್ಲಜನಕ: ನಿದ್ರೆ ಬರಿಸುವ ಮೊದಲು ಬಿಗಿಯಾದ ಮಾಸ್ಕಿನಿಂದ 3 ನಿಮಿಷ ಸಹಜವಾಗಿ, ಅಥವಾ 1 ನಿಮಿಷದಲ್ಲಿ 8 ಬಾರಿ ದೀರ್ಘವಾಗಿ, ಶುದ್ಧ ಆಮ್ಲಜನಕ ಉಸಿರಾಡಿಸಲಾಗುತ್ತದೆ. ಸಾಧಾರಣ ಗಾಳಿ ತುಂಬಿದ ಶ್ವಾಸಕೋಶದ ದಾಸ್ತಾನಿನಲ್ಲಿ ಅರ್ಧ ಲೀಟರಿಗೂ ಕಡಿಮೆ ಆಮ್ಲಜನಕವಿದ್ದರೆ, ಹೀಗೆ ತುಂಬಿಸಿದ ಮೇಲೆ ಎರಡು ಲೀಟರಿಗೂ ಹೆಚ್ಚು ಇರುತ್ತದೆ. ಹೊರಬರುವ ಉಸಿರಿನಲ್ಲಿ 90 ಶೇಕಡಾ ಆಮ್ಲಜನಕ ಕಂಡರೆ ತುಂಬಿಸುವಿಕೆ ಸಾಕಾಗಿದೆಯೆಂದು ತಿಳಿಯಬಹುದು. ಮಾಸ್ಕನ್ನು ಮುಖದಿಂದ ಸ್ವಲ್ಪ ದೂರ ಹಿಡಿದರೆ ಹೊರಗಿನ ಗಾಳಿ ಬೆರೆತು ಪ್ರಯೋಜನ ಕುಗ್ಗುತ್ತದೆ. ಮೂಗಿನ ಕೊಳವೆಯಿಂದ ಆಮ್ಲಜನಕವನ್ನು ನಿರಂತರವಾಗಿ ಹರಿಸುತ್ತಿದ್ದರೆ ಉಸಿರು ನಿಂತಾಗಲೂ ಕಾಲಾವಕಾಶ ಹೆಚ್ಚುತ್ತದೆ.

ಉಪವಾಸ: ಯೋಜಿತ ಶಸ್ತ್ರಚಿಕಿತ್ಸೆಗೆ ಮುನ್ನ ಲಘು ಆಹಾರದಿಂದ 6 ಗಂಟೆ ಮತ್ತು ತಿಳಿ ನೀರಿನಿಂದ 2 ಗಂಟೆ ಅಂತರವಿರಬೇಕು. ಹಾಲು ಹಾಕಿದ ಚಹಾ ಆಹಾರವೆಂದೇ ಪರಿಗಣಿತವಾಗುತ್ತದೆ. ತೂಕ ಇಳಿಸಲು ಮತ್ತು ಮಧುಮೇಹಕ್ಕೆ ಬಳಸುವ ಸೆಮಾಗ್ಲುಟೈಡ್‌ನಂಥ ಔಷಧಿಗಳು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುವುದರಿಂದ ಅವುಗಳ ಬಳಕೆಯನ್ನು ವೈದ್ಯರಿಗೆ ತಿಳಿಸಬೇಕು.

ವಿಧಾನ

ಸಾಮಾನ್ಯವಾಗಿ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮಾಸ್ಕನ್ನು ಒತ್ತಿಹಿಡಿದು, ಉಳಿದ ಮೂರು ಬೆರಳುಗಳಿಂದ ದವಡೆಯ ಮೂಳೆಯನ್ನು ಮೇಲೆತ್ತಿ, ಬಲಗೈಯಿಂದ ಚೀಲವನ್ನು ಅದುಮಲಾಗುತ್ತದೆ. ಬೆರಳುಗಳು ಮೂಳೆಯ ಮೇಲೆಯೇ ಇರಬೇಕು. ಗಲ್ಲದ ಕೆಳಗಿನ ಮೃದು ಭಾಗವನ್ನು ಒತ್ತಿದರೆ ನಾಲಿಗೆ ಮೇಲಕ್ಕೆ ತಳ್ಳಲ್ಪಟ್ಟು ದಾರಿ ಮುಚ್ಚುತ್ತದೆ. ಮಾಸ್ಕನ್ನು ಮುಖದ ಮೇಲೆ ಒತ್ತುವುದಕ್ಕಿಂತ ಮುಖವನ್ನು ಮಾಸ್ಕಿನೊಳಕ್ಕೆ ಎತ್ತುವುದು ಸರಿಯಾದ ಕ್ರಮ.

ಸ್ಥೂಲಕಾಯರಲ್ಲಿ ಒಂದು ಕೈಯ ಹಿಡಿತ ಹೆಚ್ಚಾಗಿ ಸಾಲುವುದಿಲ್ಲ. ಒಬ್ಬರು ಎರಡೂ ಕೈಗಳಿಂದ ಮಾಸ್ಕ್ ಹಿಡಿದು ಕೆಳದವಡೆಯನ್ನು ಮುಂದಕ್ಕೆ ಎತ್ತಬೇಕು. ಇನ್ನೊಬ್ಬರು ಚೀಲವನ್ನು ಅದುಮಬೇಕು. ಎರಡನೆಯ ವ್ಯಕ್ತಿ ಸಿಗದಿದ್ದರೆ ಯಂತ್ರದ ವೆಂಟಿಲೇಟರಿನಿಂದ ನಿಗದಿತ ಒತ್ತಡದಲ್ಲಿ ಉಸಿರು ಕೊಡಬಹುದು. ಎರಡು ಕೈಗಳ ಹಿಡಿತವು ಒಂದು ಕೈಯದಕ್ಕಿಂತ ಉತ್ತಮವೆಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಕಷ್ಟವಾಗುವವರೆಗೆ ಕಾಯದೆ ಆರಂಭದಲ್ಲಿಯೇ ಇಬ್ಬರು ಸಿದ್ಧರಿರುವುದು ಲೇಸು.

ದಾರಿ ಇನ್ನೂ ತೆರೆಯದಿದ್ದರೆ ಬಾಯಿಯ ನಳಿಕೆ ಇಡಲಾಗುತ್ತದೆ. ಬಾಯಿಯ ಮೂಲೆಯಿಂದ ದವಡೆಯ ಕೋನದವರೆಗಿನ ಅಂತರ ಅದರ ಅಳತೆ. ನಳಿಕೆ ಚಿಕ್ಕದಾದರೆ ನಾಲಿಗೆಯನ್ನೇ ಹಿಂದಕ್ಕೆ ದೂಡುತ್ತದೆ. ಮೂಗಿನ ಮೃದು ನಳಿಕೆಯನ್ನೂ ಬಳಸಬಹುದು. ಉಸಿರು ಬಿಟ್ಟಾಗಲೂ ಶ್ವಾಸಮಾರ್ಗದಲ್ಲಿ 5ರಿಂದ 10 ಸೆಂಟಿಮೀಟರ್ ನೀರಿನಷ್ಟು ಒತ್ತಡ ಉಳಿಸಿದರೆ ಗಂಟಲು ಮತ್ತು ಶ್ವಾಸಕೋಶ ಕುಸಿಯುವುದಿಲ್ಲ. ಒಳಗೆ ತಳ್ಳುವ ಒತ್ತಡವನ್ನು ಸಾಧ್ಯವಾದಷ್ಟು 20 ಸೆಂಟಿಮೀಟರ್ ನೀರಿನ ಮಿತಿಯಲ್ಲಿಟ್ಟರೆ ಜಠರಕ್ಕೆ ಗಾಳಿ ಹೋಗುವುದು ಕಡಿಮೆಯಾಗುತ್ತದೆ. ಹಲ್ಲಿಲ್ಲದವರಲ್ಲಿ ಮಾಸ್ಕಿನ ಕೆಳ ಅಂಚನ್ನು ಕೆಳತುಟಿಯ ಮೇಲೆ ಕೂರಿಸಿದರೆ ಸೋರಿಕೆ ತಗ್ಗುತ್ತದೆ.

ಕೊಡಬೇಕಾದ ಗಾಳಿಯ ಪ್ರಮಾಣವನ್ನು ರೋಗಿಯ ನಿಜವಾದ ತೂಕದಿಂದ ಲೆಕ್ಕ ಹಾಕಬಾರದು. ಮೈಯಲ್ಲಿ ಕೊಬ್ಬು ಬೆಳೆದಂತೆ ಶ್ವಾಸಕೋಶ ಬೆಳೆಯುವುದಿಲ್ಲ. 160 ಸೆಂಟಿಮೀಟರ್ ಎತ್ತರದ ಮಹಿಳೆಯ ಆದರ್ಶ ತೂಕ ಸುಮಾರು 55 ಕಿಲೋ. ಆಕೆ 110 ಕಿಲೋ ತೂಗಿದರೂ ಪ್ರತಿ ಉಸಿರಿಗೆ ಆದರ್ಶ ತೂಕದ ಕಿಲೋಗೆ 6ರಿಂದ 8 ಮಿಲಿಲೀಟರಿನಂತೆ 330ರಿಂದ 440 ಮಿಲಿಲೀಟರ್ ಸಾಕು.

ಉಸಿರು ನಿಜವಾಗಿ ತಲುಪುತ್ತಿದೆಯೇ ಎಂಬುದನ್ನು ಎದೆ ಏರುವುದರಿಂದ, ಮಾಸ್ಕಿನೊಳಗೆ ಮೂಡುವ ಆವಿಯಿಂದ ಮತ್ತು ಕ್ಯಾಪ್ನೋಗ್ರಾಫ್ ಪರದೆಯಲ್ಲಿ ಕಾಣುವ ಇಂಗಾಲದ ಡೈ ಆಕ್ಸೈಡಿನ ಅಲೆಯಿಂದ ತಿಳಿಯಬಹುದು. ದಪ್ಪ ಎದೆಗೂಡಿನ ಚಲನೆ ಕಣ್ಣಿಗೆ ಸರಿಯಾಗಿ ಕಾಣದಿರುವುದರಿಂದ ಸ್ಥೂಲಕಾಯರಲ್ಲಿ ಕ್ಯಾಪ್ನೋಗ್ರಾಫಿಗೆ ಹೆಚ್ಚಿನ ಮಹತ್ವವಿದೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ತಡವಾಗಿ ಎಚ್ಚರಿಸುತ್ತದೆ. ಅದರ ಅಂಕಿ ಇಳಿಯತೊಡಗುವ ಹೊತ್ತಿಗೆ ದಾಸ್ತಾನು ಬಹಳಷ್ಟು ಖರ್ಚಾಗಿರುತ್ತದೆ.

ವಿಫಲವಾದಾಗ

ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಭಾರತದ ಪರಿಸ್ಥಿತಿಗೆ ತಕ್ಕ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅವುಗಳ ಸಾರ ಹೀಗಿದೆ: ಪ್ರಯತ್ನದ ಉದ್ದಕ್ಕೂ ಮೂಗಿನಿಂದ ಆಮ್ಲಜನಕ ಹರಿಯುತ್ತಿರಬೇಕು. ಶ್ವಾಸನಾಳಕ್ಕೆ ನಳಿಕೆ ಇಳಿಸಲು ಗರಿಷ್ಠ ಮೂರು ಪ್ರಯತ್ನಗಳು. ಫಲಿಸದಿದ್ದರೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಸಾಧನಕ್ಕೆ ಗರಿಷ್ಠ ಎರಡು ಪ್ರಯತ್ನಗಳು. ಅದೂ ಫಲಿಸದಿದ್ದರೆ, ಸ್ನಾಯುಗಳು ಪೂರ್ತಿ ಸಡಿಲವಾಗಿರುವುದನ್ನು ಖಚಿತಪಡಿಸಿಕೊಂಡು ಮಾಸ್ಕಿನಿಂದ ಕೊನೆಯ ಒಂದು ಪ್ರಯತ್ನ. ಎಲ್ಲವೂ ವಿಫಲವಾದರೆ ತಡಮಾಡದೆ ಕತ್ತಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗಿರುವ ಪೊರೆಯನ್ನು ಭೇದಿಸಿ ಶ್ವಾಸನಾಳಕ್ಕೆ ದಾರಿ ಮಾಡಬೇಕು. ಪ್ರತಿ ಹಂತದಲ್ಲಿಯೂ ಸಹಾಯಕ್ಕಾಗಿ ಕರೆಯುವುದು ಮತ್ತು ಸಾಧ್ಯವಿದ್ದರೆ ರೋಗಿಯನ್ನು ಎಚ್ಚರಗೊಳಿಸುವುದನ್ನು ಪರಿಗಣಿಸಬೇಕು.

ಧ್ವನಿಪೆಟ್ಟಿಗೆಯ ಮೇಲೆ ಕೂರುವ ಸಾಧನಗಳಲ್ಲಿ ಮೊದಲನೆಯದಾದ ಲಾರಿಂಜಿಯಲ್ ಮಾಸ್ಕನ್ನು ಬ್ರಿಟನ್ನಿನ ಆರ್ಚಿ ಬ್ರೇನ್ 1981ರಲ್ಲಿ ರೂಪಿಸಿದರು. ಮುಖದ ಮಾಸ್ಕ್ ವಿಫಲವಾದ ಅನೇಕ ಕಡೆ ಇದು ಜೀವ ಉಳಿಸುತ್ತದೆ. ಕತ್ತಿನ ದಾರಿ ಸ್ಥೂಲಕಾಯರಲ್ಲಿ ಸುಲಭವಲ್ಲ. ಕೊಬ್ಬಿನ ಕೆಳಗೆ ಆ ಪೊರೆ ಬೆರಳಿಗೆ ಸಿಗುವುದಿಲ್ಲ. ಆದ್ದರಿಂದ ಅಪಾಯ ನಿರೀಕ್ಷಿತವಾಗಿದ್ದರೆ ಮೊದಲೇ ಅಲ್ಟ್ರಾಸೌಂಡ್‌ನಿಂದ ಗುರುತಿಸಿ ಚರ್ಮದ ಮೇಲೆ ಗೆರೆ ಹಾಕಿಡಬೇಕು. ಕಷ್ಟ ಖಚಿತವೆನಿಸಿದ ರೋಗಿಗಳಲ್ಲಿ, ಅವರು ಎಚ್ಚರವಿದ್ದು ಸ್ವತಃ ಉಸಿರಾಡುತ್ತಿರುವಾಗಲೇ ಗಂಟಲನ್ನು ಮರಗಟ್ಟಿಸಿ, ಬಾಗುವ ದರ್ಶಕದ ನೆರವಿನಿಂದ ನಳಿಕೆ ಇಳಿಸುವುದು ಸುರಕ್ಷಿತ ಮಾರ್ಗ.

ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ನಾಲ್ಕನೆಯ ರಾಷ್ಟ್ರೀಯ ಲೆಕ್ಕಪರಿಶೋಧನೆಯಲ್ಲಿ, ಶ್ವಾಸಮಾರ್ಗದ ಗಂಭೀರ ಅವಘಡಗಳ ಅಪಾಯ ಸ್ಥೂಲಕಾಯರಲ್ಲಿ ಸುಮಾರು ಎರಡು ಪಟ್ಟು, ತೀವ್ರ ಸ್ಥೂಲಕಾಯರಲ್ಲಿ ಸುಮಾರು ನಾಲ್ಕು ಪಟ್ಟು ಇರುವುದು ಕಂಡುಬಂದಿತು. ಅರಿವಳಿಕೆಗೆ ಸಂಬಂಧಿಸಿದ ಅವಘಡಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ರೋಗಿ ಎಚ್ಚರಗೊಳ್ಳುವ ಹೊತ್ತಿನಲ್ಲಿ ಅಥವಾ ಅನಂತರ ಸಂಭವಿಸಿದ್ದವು. ಆದ್ದರಿಂದ ನಳಿಕೆ ತೆಗೆಯುವಾಗಲೂ ತಲೆ ಎತ್ತರಿಸಿಟ್ಟು, ರೋಗಿ ಪೂರ್ಣ ಎಚ್ಚರಗೊಂಡಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಗ್ರಾಮೀಣ ಧಾರವಾಡ ಜಿಲ್ಲೆಯ ಸಂದರ್ಭ

ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಹಿಂದೆ ನವಲಗುಂದ ತಾಲ್ಲೂಕಿಗೆ ಸೇರಿದ್ದ ಅಣ್ಣಿಗೇರಿಯ ಜನರಿಗೆ ದೊಡ್ಡ ಶಸ್ತ್ರಚಿಕಿತ್ಸೆಗಳ ಕೇಂದ್ರಗಳೆಂದರೆ ಹುಬ್ಬಳ್ಳಿ ಮತ್ತು ಧಾರವಾಡ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ ಮುಂದೆ ಕಿಮ್ಸ್ ಎಂದು ಪರಿಚಿತವಾದ ಹುಬ್ಬಳ್ಳಿಯ ಸರ್ಕಾರಿ ಸಂಸ್ಥೆ, ಧಾರವಾಡದ ಜಿಲ್ಲಾ ಆಸ್ಪತ್ರೆ ಮತ್ತು ಸತ್ತೂರಿನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಕಾಲೇಜು ಇವುಗಳಲ್ಲಿ ಪ್ರಮುಖವಾದವು. ಕುಂದಗೋಳದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ಉಳಿದ ಮೂರು ಊರುಗಳಿಂದ 30ರಿಂದ 40 ಕಿಲೋಮೀಟರುಗಳ ಆಸುಪಾಸು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಈ ದಾರಿಯನ್ನು ಸುಗಮಗೊಳಿಸಿದೆ.

ಮೇಲೆ ಹೇಳಿದ 163 ಸೆಕೆಂಡುಗಳ ಲೆಕ್ಕವನ್ನು ಈ ಅಂತರದ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಯಾವ ವಾಹನವೂ ಮೂರು ನಿಮಿಷಗಳಲ್ಲಿ 30 ಕಿಲೋಮೀಟರ್ ಕ್ರಮಿಸಲಾರದು. ಅರಿವಳಿಕೆ ಆರಂಭವಾದ ಮೇಲೆ ನೆರವನ್ನು ಊರಿನ ಹೊರಗಿನಿಂದ ತರಿಸುವಂತಿಲ್ಲ. ಆದ್ದರಿಂದ ರೋಗಿಯನ್ನು ಎಲ್ಲಿ ಶಸ್ತ್ರಚಿಕಿತ್ಸೆಗೆ ಒಳಪಡಿಸಬೇಕೆಂಬ ತೀರ್ಮಾನವನ್ನು ಔಷಧಿ ಕೊಡುವ ಮೊದಲೇ ಕೈಗೊಳ್ಳಬೇಕು. ಸ್ಥೂಲಕಾಯ, ಗೊರಕೆ, ದಪ್ಪ ಕತ್ತು, ಬಾಯಿ ತೆರೆಯದಿರುವುದು ಇವು ಒಟ್ಟಿಗೆ ಕಂಡುಬಂದ ರೋಗಿಯ ಯೋಜಿತ ಶಸ್ತ್ರಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗೆ ವರ್ಗಾಯಿಸುವುದು ತಾಲ್ಲೂಕು ವೈದ್ಯರ ಅಸಾಮರ್ಥ್ಯವಲ್ಲ, ಅವರ ವಿವೇಕ.

ತುರ್ತು ಹೆರಿಗೆ ಶಸ್ತ್ರಚಿಕಿತ್ಸೆಗಳಲ್ಲಿ ಯಾವಾಗಲೂ ಹೀಗೆ ಕಳುಹಿಸಲು ಸಮಯವಿರುವುದಿಲ್ಲ. ಗರ್ಭಿಣಿಯರಲ್ಲಿ ಆಮ್ಲಜನಕದ ಬೇಡಿಕೆ ಹೆಚ್ಚು, ಶ್ವಾಸಕೋಶದ ದಾಸ್ತಾನು ಕಡಿಮೆ. ಗಂಟಲಿನ ಒಳಪದರ ಊದಿಕೊಂಡಿರುತ್ತದೆ. ಇದರೊಂದಿಗೆ ಸ್ಥೂಲಕಾಯವೂ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ಈ ಕಾರಣದಿಂದಲೇ ಸಿಸೇರಿಯನ್ ಹೆರಿಗೆಗೆ ಸಾಧ್ಯವಿದ್ದಲ್ಲೆಲ್ಲ ಬೆನ್ನುಹುರಿ ಅರಿವಳಿಕೆಗೆ ಆದ್ಯತೆ ಕೊಡಲಾಗುತ್ತದೆ. ಗ್ರಾಮೀಣ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರ ಕೊರತೆಯನ್ನು ಮನಗಂಡ ಕೇಂದ್ರ ಸರ್ಕಾರವು ತುರ್ತು ಹೆರಿಗೆ ಸೇವೆಗಾಗಿ ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿಯನ್ನು ರೂಪಿಸಿತ್ತು.

ಒಬ್ಬರೇ ಅರಿವಳಿಕೆ ವೈದ್ಯರಿರುವ ಕಡೆ ಮಾಸ್ಕ್ ಹಿಡಿಯಲು ಎರಡೂ ಕೈಗಳು ಬೇಕಾದಾಗ ಚೀಲವನ್ನು ಅದುಮುವವರು ಶುಶ್ರೂಷಕಿ ಅಥವಾ ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರು. ಅವರಿಗೆ ಈ ಕೆಲಸವನ್ನು ಮೊದಲೇ ಕಲಿಸಿ, ಅಂದಿನ ರೋಗಿಯ ವಿಷಯವನ್ನು ಮುಂಚಿತವಾಗಿ ತಿಳಿಸಿಟ್ಟರೆ ಎರಡನೆಯ ವ್ಯಕ್ತಿಯ ಕೊರತೆ ನೀಗುತ್ತದೆ. ಕಂಬಳಿಗಳ ಇಳಿಜಾರು, ಮೂರು ನಿಮಿಷಗಳ ಆಮ್ಲಜನಕ, ವಿವಿಧ ಅಳತೆಯ ಬಾಯಿಯ ನಳಿಕೆಗಳು, ಕೈಗೆಟುಕುವಲ್ಲಿ ಒಂದು ಲಾರಿಂಜಿಯಲ್ ಮಾಸ್ಕ್ ಮತ್ತು ವಿದ್ಯುತ್ ಕೈಕೊಟ್ಟರೂ ನಡೆಯುವ ಒಂದು ಆಂಬು ಬ್ಯಾಗ್ ಇವು ತಾಲ್ಲೂಕು ಆಸ್ಪತ್ರೆಯೂ ಹೊಂದಿಸಿಕೊಳ್ಳಬಹುದಾದ ಸಿದ್ಧತೆಗಳು.

ರೋಗಿ ಮತ್ತು ಮನೆಯವರು ತಿಳಿಸಬೇಕಾದ ವಿಷಯಗಳು

ಗೊರಕೆಯನ್ನು ಗಾಢ ನಿದ್ರೆಯ ಲಕ್ಷಣವೆಂದು ಭಾವಿಸಿ ವೈದ್ಯರಿಗೆ ಹೇಳದಿರುವುದು ಸಾಮಾನ್ಯ. ಗೊರೆಯುವವರಿಗೆ ತಮ್ಮ ಗೊರಕೆ ತಿಳಿಯದು. ನಡುರಾತ್ರಿ ಉಸಿರು ಕಟ್ಟಿ ಮತ್ತೆ ಆರಂಭವಾಗುವುದನ್ನು ಕಂಡವರು ಪಕ್ಕದಲ್ಲಿ ಮಲಗುವವರು. ಆದ್ದರಿಂದ ಅರಿವಳಿಕೆ ಪೂರ್ವ ತಪಾಸಣೆಗೆ ಮನೆಯವರೊಬ್ಬರು ಜೊತೆಗೆ ಹೋಗುವುದು ಉಪಯುಕ್ತ. ತಿಳಿಸಬೇಕಾದ ಮುಖ್ಯ ಸಂಗತಿಗಳು:

- ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಹಗಲಿನಲ್ಲಿ ಅತಿಯಾದ ತೂಕಡಿಕೆ
- ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಉಸಿರಾಟಕ್ಕೆ ಸಂಬಂಧಿಸಿದ ತೊಂದರೆ. ಇದ್ದಲ್ಲಿ ಆಗಿನ ಬಿಡುಗಡೆ ಪತ್ರ
- ಅಲುಗಾಡುವ ಅಥವಾ ಕಟ್ಟಿಸಿದ ಹಲ್ಲುಗಳು, ಬಾಯಿ ತೆರೆಯಲು ತೊಂದರೆ
- ಅಡಿಕೆ, ಗುಟ್ಕಾ, ತಂಬಾಕು, ಮದ್ಯದ ಅಭ್ಯಾಸ
- ಸೇವಿಸುತ್ತಿರುವ ಎಲ್ಲ ಔಷಧಿಗಳು
- ಕೊನೆಯ ಬಾರಿ ಊಟ, ಚಹಾ ಅಥವಾ ನೀರು ಸೇವಿಸಿದ ನಿಜವಾದ ಸಮಯ

ಮೂಗುತಿ ತೆಗೆಯುವುದು, ತುರುಬು ಬಿಚ್ಚಿ ಜಡೆ ಹಾಕಿಕೊಳ್ಳುವುದು, ವೈದ್ಯರು ಕೇಳಿದರೆ ಗಡ್ಡ ತೆಗೆಸಿಕೊಳ್ಳುವುದು ರೋಗಿಯ ಕೈಯಲ್ಲಿಯೇ ಇರುವ ಸಿದ್ಧತೆಗಳು. ಸಂಪ್ರದಾಯ ಅಥವಾ ನಂಬಿಕೆಯ ಕಾರಣದಿಂದ ಇವುಗಳಲ್ಲಿ ಯಾವುದಾದರೂ ಸಾಧ್ಯವಿಲ್ಲದಿದ್ದರೆ ಅದನ್ನು ಮೊದಲೇ ತಿಳಿಸಿದಲ್ಲಿ ವೈದ್ಯರು ಬೇರೆ ಕ್ರಮವನ್ನು ಯೋಜಿಸಿಕೊಳ್ಳಬಲ್ಲರು.